ಇಲ್ಲದ ಕಾರ್ಡಿನ ಬೀಗ

ಜೂನ್ 3, ಮಂಗಳವಾರ

ಏಳು ಗಂಟೆಗೆ ಎಂದಿನಂತೆ ಅತ್ತೆಯ ಕೋಣೆಯಿಂದ, "ಪ್ರಯಾಣಿಕರ ಗಮನಕ್ಕೆ!" ಈ ಮನೆಗೆ ಅಲಾರಂ ಬೇಕಿಲ್ಲ. ಲ್ಯಾಪ್‌ಟಾಪ್ ತೆರೆದ ಕೂಡಲೇ ನಮ್ಮ ಕಂಪನಿಯ ಸಾಫ್ಟ್‌ವೇರ್, ಅದನ್ನು ಬಳಸುವವರ ದನಿಯಲ್ಲೇ ಒಂದು ವಾಕ್ಯ ನುಡಿಯುತ್ತದೆ. ಮಿಕ್ಕವರು "ನಮಸ್ಕಾರ" ಇಟ್ಟುಕೊಳ್ಳುತ್ತಾರೆ. ಅತ್ತೆ ಇದನ್ನು ಇಟ್ಟುಕೊಂಡಿದ್ದಾರೆ. ರಿಟೈರ್ ಆಗುವವರೆಗೂ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು, ಸುಮ್ಮನೆ ಬಿಟ್ಟಾರೆಯೇ?

ಹೋದ ವರ್ಷ ಗಂಟಲಿನ ಆಪರೇಷನ್. ಮಾತು ಹೋಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೇ ನಮ್ಮ ಆಫೀಸಿನ ರೆಕಾರ್ಡಿಂಗ್ ಕೋಣೆಯಲ್ಲಿ ವಾರಗಟ್ಟಲೆ ಕೂತು ಸಾವಿರಾರು ವಾಕ್ಯ ಓದಿದರು. ಈಗ ಟೈಪ್ ಮಾಡುತ್ತಾರೆ, ಲ್ಯಾಪ್‌ಟಾಪ್ ಅವರದೇ ದನಿಯಲ್ಲಿ ಮಾತಾಡುತ್ತದೆ. ಬೈಗುಳವೂ ಅದೇ ದನಿಯಲ್ಲಿ. ಇವತ್ತಿನದು: "ಉಪ್ಪು ಹಾಕೋದು ಮರೆತು ಆಫೀಸಿಗೆ ಹೊರಟ್ಯಲ್ಲ, ಅಲ್ಲಿ ಇನ್ನೇನು ಕೆಡಿಸ್ತೀಯೋ."

ಅಲ್ಲಿ ಆಗಲೇ ಕೆಟ್ಟಿತ್ತು. ಹಲೋ ಅಕ್ಕ ಕಾಯುತ್ತಿದ್ದಳು. ಗ್ರಾಹಕರ ಫೋನ್ ತೆಗೆಯುವವಳು ಅವಳೇ. ಎದುರು ನಿಂತವರಿಗೂ ಮೊದಲು ಹಲೋ ಎನ್ನುತ್ತಾಳೆ.

"ಹಲೋ, ಕೇಳು ಇಲ್ಲಿ. 'ಇದು ಬೇರೆ ಕಂಪ್ಯೂಟರ್' ಅಂತ ಸಾಫ್ಟ್‌ವೇರ್ ಬೀಗ ಹಾಕ್ಕೊಳ್ತಿದ್ಯಂತೆ. ಅವರು ಅದೇ ಹಳೇ ಕಂಪ್ಯೂಟರ್ ಮುಂದೇನೇ ಕೂತಿದಾರೆ ಕಣೇ! ಮಾತೇ ನಿಂತೋಯ್ತು ಅಂತ ಬೆಳಗ್ಗೆಯಿಂದ ಒಬ್ರ ಹೆಂಡತಿ, ಇನ್ನೊಬ್ರ ಮಗ ಫೋನ್ ಮಾಡ್ತಿದಾರೆ. ಏನು ಹೇಳ್ಲಿ?"

ಕೋಡ್ ತೆರೆದು ನೋಡಿದೆ. ನನಗಿಂತ ಮುಂಚೆ ಇದ್ದವನು ಬರೆದದ್ದು. ಕಂಪ್ಯೂಟರನ್ನು ನೆಟ್‌ವರ್ಕಿಗೆ ಜೋಡಿಸುವ ಅಡಾಪ್ಟರ್ ಕಾರ್ಡಿಗೆ ಫ್ಯಾಕ್ಟರಿಯಲ್ಲೇ ಒಂದು ವಿಳಾಸ ಕೊಟ್ಟಿರುತ್ತಾರೆ. ನಮ್ಮ ಬೀಗದ ಕೀಲಿ ತಯಾರಾಗುವುದು ಆ ವಿಳಾಸದಿಂದ. ಉಪಾಯವೇನೋ ಸರಿ. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ನಿಜವಾದ ಕಾರ್ಡು ಎರಡು, ಸಾಲಿನಲ್ಲಿ ನಿಂತವು ಆರು. ಉಳಿದವು ಬೇರೆ ಬೇರೆ ಸಾಫ್ಟ್‌ವೇರ್ ಹುಟ್ಟಿಸಿಕೊಂಡ ವರ್ಚುವಲ್ ಅಡಾಪ್ಟರುಗಳು. ತಂತಿಯಿಲ್ಲ, ಚಿಪ್ಪಿಲ್ಲ, ವಿಳಾಸ ಮಾತ್ರ ಇದೆ. ಹಳಬ ಸಾಲಿನಲ್ಲಿ ಮೊದಲು ನಿಂತದ್ದನ್ನೇ ಹಿಡಿದುಕೊಂಡಿದ್ದಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಇಲ್ಲದ ಕಾರ್ಡು ಒಂದು ದಿನ ಮಾಯವಾದರೆ ಬೀಗಕ್ಕೆ ಕೀಲಿ ಎಲ್ಲಿಂದ ಬರಬೇಕು?

ಬಾಸ್‌ಗೆ ಹೇಳಿದೆ. "ನೋಡೋಣ" ಅಂದರು. ಅದಕ್ಕೇ ನಾವು ಅವರನ್ನು 'ನೋಡೋಣ ಸಾರ್' ಎಂದು ಕರೆಯುವುದು. ಕೊನೆಗೆ, ನಿಜವಾದದ್ದನ್ನು ಮಾತ್ರ ಗುರುತಿಸುವಂತೆ ಮಾಡಿ ಅಂತ ಕೆಲಸ ನನ್ನ ತಲೆಗೇ ಕಟ್ಟಿದರು.

ಜೂನ್ 5, ಗುರುವಾರ

ಮೊದಲ ಉಪಾಯ — ಹೆಸರು ನೋಡುವುದು. ಹೆಸರಿನಲ್ಲಿ "ವರ್ಚುವಲ್" ಇದ್ದರೆ ಆಚೆಗೆ. ಬೆಳಿಗ್ಗೆ ಬರೆದೆ, ಮಧ್ಯಾಹ್ನದ ಹೊತ್ತಿಗೆ ಮಣ್ಣುಮುಕ್ಕಿತು. ಗುಟ್ಟಾಗಿ ಇಂಟರ್ನೆಟ್ ಬಳಸಲು ಹಾಕಿಕೊಳ್ಳುವ ಒಂದು ವಿಪಿಎನ್ ಸಾಫ್ಟ್‌ವೇರ್ ತನ್ನ ಅಡಾಪ್ಟರಿಗೆ ಭಾರೀ ಗತ್ತಿನ ಹೆಸರಿಟ್ಟುಕೊಂಡಿದೆ, ಅಪ್ಪಟ ಕಾರ್ಡಿನ ಹಾಗೆ. ಕಳ್ಳ ತನ್ನ ಹೆಸರು ಕಳ್ಳ ಅಂತ ಬೋರ್ಡು ಹಾಕಿಕೊಳ್ಳುತ್ತಾನೆಯೇ...

ಎರಡನೆಯದು — ವಿಳಾಸವನ್ನೇ ನೋಡುವುದು. ಫ್ಯಾಕ್ಟರಿ ಕೊಟ್ಟ ವಿಳಾಸವೋ, ಯಾರೋ ಕೈಯಾರೆ ಕಟ್ಟಿದ್ದೋ ಅಂತ ಅದರೊಳಗೇ ಒಂದು ಗುರುತು ಇರುತ್ತದೆ. ಆದರೆ ಈಗಿನ ಅಸಲಿ ವೈಫೈ ಕಾರ್ಡುಗಳೂ ಗುಟ್ಟಿಗಾಗಿ ದಿನಕ್ಕೊಂದು ವಿಳಾಸ ಹೇಳಿಕೊಂಡು ತಿರುಗುತ್ತವೆ. ಅಸಲಿಯೇ ಸುಳ್ಳು ಹೇಳಿದರೆ ನಕಲಿಯನ್ನು ಹೇಗೆ ಬೈಯಲಿ?

ಸಂಜೆ ಅತ್ತೆಗೆ ಹೇಳಿದೆ. ತರಕಾರಿ ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು ಟೈಪ್ ಮಾಡಿದರು.

"ನಮ್ಮಲ್ಲೂ ಇತ್ತು. ಬೋರ್ಡ್ ಮೇಲೆ ಬಸ್ಸು, ಸ್ಟ್ಯಾಂಡಲ್ಲಿ ಇಲ್ಲ. ನಾನು ಕೂಗ್ತಾ ಇದ್ದೆ, ಜನ ಓಡ್ತಾ ಇದ್ರು."

"ನೀವು ಹೇಗೆ ಕಂಡುಹಿಡೀತಿದ್ರಿ ಅತ್ತೆ?"

"ಕಿಟಕಿಯಿಂದ ಕತ್ತು ಚಾಚಿ ನೋಡ್ತಿದ್ದೆ. ನಿನಗೆ ಕಿಟಕಿ ಇಲ್ವಾ?"

ಇಲ್ಲ. ಅದೇ ಕಷ್ಟ. ಸಾಫ್ಟ್‌ವೇರಿಗೆ ಕತ್ತು ಚಾಚಲು ಬರುವುದಿಲ್ಲ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ.

ಜೂನ್ 7, ಶನಿವಾರ

ರಜೆ. ಇವರು ಮಧ್ಯಾಹ್ನವಿಡೀ ಅಮ್ಮನ ಲ್ಯಾಪ್‌ಟಾಪ್ ಕ್ಲೀನ್ ಮಾಡಿದರು. ಸ್ಲೋ ಆಗಿದೆ ಅಂತ ಅತ್ತೆ ಗೊಣಗುತ್ತಿದ್ದರು. ಇವರು ಏನು ಮಾಡಿದರೂ ಕಸದ ಬುಟ್ಟಿಯನ್ನೂ ತೊಳೆದಿಡುವ ಜಾತಿ. ಅತ್ತೆಗೆ ಖುಷಿ. "ನನ್ನ ಮಗ ಬಂಗಾರ. ಸೊಸೆ ಸುಮಾರು." ನಾವಿಬ್ಬರೂ ನಕ್ಕೆವು. ಅತ್ತೆಯ ಭುಜವೂ ಕುಣಿಯಿತು, ನಗುವಿಗೆ ದನಿಯಿಲ್ಲದಿದ್ದರೂ.

ಒಳ್ಳೆಯ ದಿನ.

ಜೂನ್ 8, ಭಾನುವಾರ

ಏಳಾಯಿತು. ಏನೂ ಕೇಳಿಸಲಿಲ್ಲ. ಮತ್ತೆ ಮಲಗಿದರೇನೋ ಅಂದುಕೊಂಡೆ. ಏಳೂವರೆಗೆ ಹೋಗಿ ನೋಡಿದರೆ ಲ್ಯಾಪ್‌ಟಾಪ್ ಮುಂದೆ ಕೈಕಟ್ಟಿ ಕೂತಿದ್ದಾರೆ. ಪರದೆಯ ಮೇಲೆ — ಇದು ಬೇರೆ ಕಂಪ್ಯೂಟರ್.

ಇವರನ್ನು ಕೂಗಿದೆ.

"ರೀ, ನಿನ್ನೆ ಏನೇನು ತೆಗೆದ್ರಿ?"

"ಬೇಡದ್ದು. ತಮ್ಮ ಹಾಕಿಕೊಟ್ಟಿದ್ನಲ್ಲ, ಆ ಹಳೇ ಇಸ್ಪೀಟಾಟ, ಅದು ಓಡಲಿ ಅಂತ ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್... ಅಮ್ಮ ಆಡೋದು ಬಿಟ್ಟು ಎಷ್ಟು ದಿನ ಆಯ್ತು! ಯಾಕೆ?"

ಕಂಪ್ಯೂಟರಿನೊಳಗಿನ ಆ ಕಂಪ್ಯೂಟರಿಗೂ ಒಂದು ಅಡಾಪ್ಟರ್ ಇತ್ತು. ಇಲ್ಲದ ಕಾರ್ಡು. ಅತ್ತೆಯ ದನಿಯ ಬೀಗ ಅದರ ವಿಳಾಸಕ್ಕೆ ಬಿದ್ದಿತ್ತು. ಊರವರ ಕಂಪ್ಯೂಟರ್ ಬಗ್ಗೆ ಐದು ದಿನ ತಲೆ ಕೆಡಿಸಿಕೊಂಡೆ, ಮನೆಯದನ್ನು ತೆರೆದು ನೋಡಲಿಲ್ಲ. ದೀಪದ ಕೆಳಗೆ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ.

ತೆಗೆದದ್ದನ್ನು ಮತ್ತೆ ಹಾಕಿದೆ. ಮೊನ್ನೆ ಒಬ್ಬ ಗ್ರಾಹಕರಿಗೆ ವಿಪಿಎನ್ ಮತ್ತೆ ಹಾಕಿದಾಗ ತೆರೆದುಕೊಂಡಿತ್ತು. ಇಲ್ಲಿ ಇಲ್ಲ. ಹುಟ್ಟಿದ್ದು ಹೊಸ ಅಡಾಪ್ಟರ್, ಹೊಸ ವಿಳಾಸ. ಹಳೆಯದರ ಗುರುತು ಎಲ್ಲಾದರೂ ಉಳಿದಿದೆಯೇ ಅಂತ ಮೂಲೆಮೂಲೆ ಹುಡುಕಿದೆ. ಇವರು ಗುಡಿಸಿದ ಮೇಲೆ ಕಸ ಉಳಿಯುತ್ತದೆಯೇ?

ಪೆನ್‌ಡ್ರೈವಿನಲ್ಲಿ ದನಿಯ ಒಂದು ಪ್ರತಿ ಇದೆ. ಅದಕ್ಕೂ ಇದೇ ಬೀಗ, ಕೀಲಿಯಿಲ್ಲದೆ ಕಂಪನಿಯವರಿಗೂ ತೆರೆಯುವುದಿಲ್ಲ. ಆಫೀಸಿನಲ್ಲಿ ರೆಕಾರ್ಡಿಂಗ್ ಇಲ್ಲ. ದನಿ ಕಳುವಾಗಬಾರದು ಅಂತ ಒಪ್ಪಿಸಿದ ದಿನವೇ ಅಳಿಸುತ್ತೇವೆ. ವಿಳಾಸವನ್ನೂ ಇಟ್ಟುಕೊಳ್ಳುವುದಿಲ್ಲ. ಮತ್ತೆ ಓದಿಸೋಣವೆಂದರೆ ಓದುವ ಗಂಟಲೇ ಇಲ್ಲ.

ಇವರು ಅಡುಗೆಮನೆಯಲ್ಲಿ ನಿಂತು, "ನಾನೇ ಅಮ್ಮನ ಬಾಯಿ ಕಟ್ಟಿದ ಹಾಗಾಯ್ತಲ್ಲೇ" ಅಂದರು. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಜೂನ್ 12, ಗುರುವಾರ

ಬರೆಯಲಾಗಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಸಾಧಾರಣ ಯಂತ್ರದ ದನಿಯೊಂದಿದೆ. ಅದನ್ನಾದರೂ ಹಾಕಿಕೊಟ್ಟೆ. ಅತ್ತೆ ಒಂದು ಸಲ ಟೈಪ್ ಮಾಡಿ ಕೇಳಿದರು. ಮುಚ್ಚಿಟ್ಟರು. ಕಾಗದದ ಮೇಲೆ ಬರೆದರು: "ಇವಳ್ಯಾರು ನಮ್ಮ ಮನೇಲಿ?"

ಆಮೇಲೆ ಕಾಗದವೂ ಕಡಿಮೆಯಾಯಿತು. ನೀರು ಬೇಕಾದರೆ ಲೋಟ ತಟ್ಟುತ್ತಾರೆ. ಮಗನನ್ನು ಬೈಯುವುದಿಲ್ಲ, ಅದೇ ಇವರಿಗೆ ಹೆಚ್ಚು ನೋವು. ನಿನ್ನೆ ಹಳೆಯ ಗೆಳತಿಯ ಫೋನ್ ಬಂತು. ಇಬ್ಬರೂ ನಿಲ್ದಾಣದಲ್ಲಿ ಒಂದೇ ಮೈಕು ಹಂಚಿಕೊಂಡವರು. ಅತ್ತೆ ಫೋನ್ ಕಿವಿಗಿಟ್ಟುಕೊಂಡು ಕೇಳಿಸಿಕೊಂಡರು. ಆ ಕಡೆಯಿಂದ "ಮಾತಾಡೇ... ಯಾಕೇ ಮಾತಾಡ್ತಿಲ್ಲ" ಅನ್ನುವುದು ನನಗೂ ಕೇಳಿಸುತ್ತಿತ್ತು. ಅತ್ತೆ ನನ್ನ ಕೈಗೆ ಫೋನ್ ಕೊಟ್ಟು ಬಾಲ್ಕನಿಗೆ ಹೋದರು. ನಾನು ಏನೋ ಒಂದು ಹೇಳಿ ಇಟ್ಟೆ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನನಗೆ ಬೇಕಿರುವುದು ಆ ದನಿ. ಉಪ್ಪಿಲ್ಲ ಎಂದು ಬೈಯುವ ಆ ದನಿಯೇ.

ಜೂನ್ 13, ಶುಕ್ರವಾರ

ನಿಯಮ ಸಿಕ್ಕಿತು. ಹೆಸರು ಕೇಳಬಾರದು, ವಿಳಾಸವನ್ನೂ ಕೇಳಬಾರದು. ಎಲ್ಲಿ ಕೂತಿದ್ದೀಯ ಅಂತ ಕೇಳಬೇಕು. ಅಸಲಿ ಕಾರ್ಡು ಕಂಪ್ಯೂಟರಿನೊಳಗೆ ಬೋರ್ಡಿನ ಒಂದು ಜಾಗದಲ್ಲಿ ಕೂತಿರುತ್ತದೆ, ಅಥವಾ ಯುಎಸ್‌ಬಿಗೆ ಚುಚ್ಚಿಕೊಂಡಿರುತ್ತದೆ. ವರ್ಚುವಲ್ಲಿಗೆ ಕೂರಲು ಜಾಗವಿಲ್ಲ. ಎಷ್ಟೇ ಗತ್ತಿನ ಹೆಸರಿಟ್ಟುಕೊಂಡರೂ ಆ ಪ್ರಶ್ನೆಗೆ ತಡವರಿಸುತ್ತದೆ.

ಖುಷಿಯಾಗಲಿಲ್ಲ.

ಟೆಸ್ಟ್ ಮಾಡಬೇಕಲ್ಲ. ಹಲೋ ಅಕ್ಕನ ಕಂಪ್ಯೂಟರಿಗೆ ಅದೇ ಇಸ್ಪೀಟಿನ ಸಾಫ್ಟ್‌ವೇರ್ ಹಾಕಿ ನಕಲಿ ಅಡಾಪ್ಟರ್ ಹುಟ್ಟಿಸಿದೆ. ವಿಳಾಸ ನೋಡಿದೆ. ಎಲ್ಲೋ ನೋಡಿದ ಹಾಗಿದೆ... ಭಾನುವಾರ ಮನೆಯಲ್ಲಿ ಹುಟ್ಟಿದ್ದೂ ಹೀಗೇ ಇತ್ತು. ಪಕ್ಕದ ಮೇಜಿನ ಕಂಪ್ಯೂಟರಿಗೂ ಹಾಕಿದೆ. ಅಲ್ಲಿಯೂ ಅದೇ. ಕೊನೆಯ ಎರಡಕ್ಷರ ಮಾತ್ರ ಬೇರೆ.

ಕುರ್ಚಿಯಿಂದ ಎದ್ದೇಬಿಟ್ಟೆ. ನಕಲಿಯದಕ್ಕೆ ಫ್ಯಾಕ್ಟರಿ ಇಲ್ಲ, ಹಾಗಾಗಿ ಆ ಸಾಫ್ಟ್‌ವೇರ್ ಎಲ್ಲ ಕಡೆಯೂ ಒಂದೇ ಅಚ್ಚಿನಲ್ಲಿ ವಿಳಾಸ ಒತ್ತುತ್ತದೆ. ಬದಲಾಗುವುದು ಬಾಲ ಮಾತ್ರ. ಅತ್ತೆಯದೂ ಅದೇ ಅಚ್ಚಿನದಾಗಿದ್ದರೆ, ಬಾಲಗಳನ್ನು ಒಂದೊಂದಾಗಿ ಕಟ್ಟಿ ನೋಡಬಹುದು. ಒಂದೊಂದು ಅಕ್ಷರಕ್ಕೆ ಹದಿನಾರು ಆಯ್ಕೆ, ಎರಡಕ್ಷರಕ್ಕೆ ಇನ್ನೂರೈವತ್ತಾರೇ ಸಾಧ್ಯ!

"ಹಲೋ, ಯಾಕೇ ಹೀಗೆ ನಿಂತಿದೀಯಾ?"

"ಅಕ್ಕಾ, ನಿಜವಾದ ಕಾರ್ಡು ಸುಟ್ಟುಹೋಗಿದ್ರೆ ಅತ್ತೆ ದನಿ ಗೋವಿಂದ ಆಗ್ತಿತ್ತು. ಸುಳ್ಳಿಂದು ಆಗಿದ್ದಕ್ಕೆ ಮತ್ತೆ ಹುಟ್ಟಿಸಬಹುದು!"

"ನಂಗೇನೂ ಅರ್ಥ ಆಗ್ಲಿಲ್ಲ. ಆದ್ರೂ ಹುಟ್ಟಿಸು."

ನೇರ ಬಾಸ್ ಕೋಣೆಗೆ. ಹೊಸ ನಿಯಮ ಕಟ್ಟುನಿಟ್ಟಾಗಿ ಹಾಕಿ, ಸೋಮವಾರ ಎಲ್ಲರಿಗೂ ಬಿಡೋಣ ಅಂದರು. ಹಾಗೆ ಬಿಟ್ಟರೆ, ನಕಲಿ ಅಡಾಪ್ಟರಿಗೆ ಬೀಗ ಬಿದ್ದವರೆಲ್ಲ ಒಂದೇ ಬೆಳಿಗ್ಗೆ ಮೂಕರಾಗುತ್ತಾರೆ ಅಂದೆ. ನೆಗಡಿ ಅಂತ ಮೂಗು ಕೊಯ್ದುಕೊಂಡ ಹಾಗೆ.

"ಹಾಗಂತ ಬೀಗ ತೆಗೆದ್ರೆ ನಾಳೆ ನೂರು ಜನ ಪುಕ್ಕಟೆ ಕಾಪಿ ಮಾಡ್ಕೋತಾರೆ. ಸಂಬಳ ಎಲ್ಲಿಂದ ಕೊಡ್ಲಿ?" ಅದೂ ಸುಳ್ಳಲ್ಲ.

"ಸಾರ್, ಸಾಫ್ಟ್‌ವೇರ್ ನಮ್ಮದು, ಅದಕ್ಕೆ ಬೀಗ ಇರಲಿ. ದನಿ ಅವರದ್ದು. ಅದಕ್ಕೆ ನಾವ್ಯಾಕೆ ಬೀಗ ಹಾಕಬೇಕು? ದನಿಯ ಬೀಗ ತೆಗೆದು ಅವರ ಕೈಗೇ ಕೊಟ್ಟುಬಿಡೋಣ. ಸಾಫ್ಟ್‌ವೇರ್ ಮಾತ್ರ ಅಸಲಿ ಕಾರ್ಡು ಕೇಳಲಿ. ಅದಕ್ಕೂ ಅನುಮಾನ ಬಂದ್ರೆ, ನಮ್ಮನ್ನ ಕೇಳಲಿ, ಅವರ ಬಾಯಿ ಮುಚ್ಚೋದು ಬೇಡ."

ದನಿ ಏರಿತ್ತು. ಆಚೆ ಎಲ್ಲರಿಗೂ ಕೇಳಿಸಿತಂತೆ. ಬಾಸ್ ಕನ್ನಡಕ ತೆಗೆದರು, ಒರೆಸಿದರು. ನೋಡೋಣ ಅನ್ನುತ್ತಾರೆ ಅಂತ ಕಾದೆ.

"ಸರಿ" ಅಂದರು.

ಜೂನ್ 15, ಭಾನುವಾರ, ಬೆಳಿಗ್ಗೆ

ನಿನ್ನೆಯೆಲ್ಲ ಕೂತು ಚಿಕ್ಕ ಪ್ರೋಗ್ರಾಂ ಬರೆದೆ. ಒಂದೊಂದೇ ಬಾಲ ಕಟ್ಟಿ ಬೀಗಕ್ಕೆ ಹಾಕಿ ನೋಡುತ್ತದೆ. ಬೀಗ ಬೇಕೆಂದೇ ನಿಧಾನ, ಕಳ್ಳರು ಸರಸರ ತೆರೆಯಬಾರದು ಅಂತ. ಈಗ ಕಳ್ಳಿ ನಾನು, ಕಾಯಬೇಕು.

ಶುರುಮಾಡುವ ಮುಂಚೆ ಅತ್ತೆಗೆ ಎಲ್ಲ ಹೇಳಿದೆ. ಹಳೆಯ ವಿಳಾಸ ಬೇರೆ ಅಚ್ಚಿನದಾಗಿದ್ದರೆ ಸಿಗುವುದಿಲ್ಲ ಅಂತಲೂ ಹೇಳಿದೆ. ಆಮೇಲೆ ಬೇರೆ ದಾರಿ ಇಲ್ಲ ಅಂತಲೂ. ಪೆನ್ನು ತೆಗೆದು ಬರೆದರು: "ಬಾರದ ಬಸ್ಸಿಗೆ ಜನ ಕಾಯೋದು ನೋಡಿದೀನಿ. ಬಂದದ್ದೂ ನೋಡಿದೀನಿ. ಹಾಕು."

ಒಳಗೆ ಓಡುತ್ತಿದೆ. ಅತ್ತೆ ಸೀರೆ ಬದಲಿಸಿ, ತಲೆ ಬಾಚಿ ಕೂತಿದ್ದಾರೆ, ಡ್ಯೂಟಿಗೆ ಹೊರಟ ಹಾಗೆ. ಇವರು ಪಕ್ಕದಲ್ಲಿ. ನನಗೆ ಅಲ್ಲಿ ಕೂರಲಾಗಲಿಲ್ಲ. ಇಲ್ಲಿ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಒಲೆಯ ಮೇಲೆ ಏನಿದೆ ಅಂತಲೂ ಗೊತ್ತಿಲ್ಲ.

ಅರ್ಧ ಮುಗಿಯಿತು ಅಂತ ಇವರು ಬಂದು ಹೇಳಿ ಹೋದರು. ಮುಖ ಸಣ್ಣದಾಗಿದೆ. ಅವತ್ತು ಹೇಳದೆ ಬಿಟ್ಟದ್ದನ್ನು ಈಗ ಹೇಳಿದೆ — "ನಿಮ್ಮ ತಪ್ಪಲ್ಲ ರೀ." ತಲೆಯಾಡಿಸಿದರು. ನಂಬಿದರೋ ಇಲ್ಲವೋ.

ಯೋಚಿಸುತ್ತಿದ್ದೇನೆ. ಆ ದನಿ ಕೂಡ ಕೂರಲು ಜಾಗವಿಲ್ಲದ್ದೇ ಅಲ್ಲವೇ? ಗಂಟಲಿಲ್ಲ, ಉಸಿರಿಲ್ಲ. ನನ್ನ ನಿಯಮದ ಪ್ರಕಾರ ನಕಲಿ. ಆದರೂ ಅದಿಲ್ಲದ ಈ ವಾರ ಮನೆಯಲ್ಲಿ ಅತ್ತೆಯೇ ಇಲ್ಲದ ಹಾಗಿತ್ತು. ನನ್ನ ನಿಯಮ ಕಾರ್ಡುಗಳಿಗೆ ಸರಿ. ಅದರಾಚೆಗೆ ಅದನ್ನು ಎಳೆಯಬಾರ

"ಪ್ರಯಾಣಿಕರ ಗಮನಕ್ಕೆ!"

ಅಯ್ಯೋ. ಅತ್ತೆ. ಅತ್ತೆಯ ದನಿ.

ಟೈಪ್ ಮಾಡುವ ಸದ್ದು. ಟಕಟಕ ಟಕಟಕ... ಮತ್ತೆ —

"ಏ ಮಹಾರಾಯ್ತಿ, ಬರೆದಿದ್ದು ಸಾಕು, ಬಾ ಇಲ್ಲಿ. ನಿನ್ನ ಗಂಡ ಕೀಬೋರ್ಡ್ ಮೇಲೇನೇ ಅಳ್ತಿದಾನೆ. ಒಲೆ ಮೇಲೆ ಏನೋ ಸೀದುಹೋಗ್ತಿದೆ."

ಬಂ