ಸೂಜಿ ಅಂದರೆ ಓ ಅಂದೆ

ಹೊಲಿಗೆ ಕೋಣೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೭, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಅಷ್ಟೊಂದು ಜನಕ್ಕೆ ಬೇಯಿಸಿ ಹಾಕುವವಳು ತಾನು ಮಾತ್ರ ನಿಂತುಕೊಂಡೇ ಎರಡು ತುತ್ತು ನುಂಗುತ್ತಾಳೆ ಅಂತ ನನಗೆ ಗೊತ್ತು. ಕೂತು ತಿನ್ನು. ಈ ಕಾಗದ ಮುಂದಿನ ಬಂದರಿನಲ್ಲಿ ನಿನ್ನ ಕೈಸೇರಬಹುದು. ನಾನು ಚೆನ್ನಾಗಿದ್ದೇನೆ. ಸೊರಗಿದ್ದೀಯ ಅಂತ ಎದುರುಮನೆಯ ಟೀಚರ್ ಅನ್ನುತ್ತಾರೆ. ಗುಂಡಿ ಅನ್ನೋ ಹೆಸರಿಗೇ ಅವಮಾನ ಅಂತ ನೀನು ನಗುವುದು ಇಲ್ಲಿಗೇ ಕೇಳಿಸುತ್ತದೆ.

ಅಪ್ಪನ ಮೈಗೆ ಏನೂ ಆಗಿಲ್ಲ. ಕೈ ಈಗಲೂ ಹಳೇ ದರ್ಜಿಯ ಕೈಯೇ. ಬಟ್ಟೆ ಕೊಟ್ಟರೆ ಅಂಚು ಮಡಚಿ ಹೊಲಿಯುತ್ತಾರೆ, ಕಾಜಾ ಕತ್ತರಿಸಿದರೆ ಒಂದೆಳೆ ಆಚೀಚೆ ಇಲ್ಲ. ಮರೆತಿರುವುದು ನಮ್ಮನ್ನು. ನೀರಿನ ನಡುವೆ ಕೂತು ನೀನಾದರೂ ಏನು ಮಾಡುತ್ತೀ ಅಂತ ಇಷ್ಟು ದಿನ ಮುಚ್ಚಿಟ್ಟೆ. ಮುಂದಿನ ತಿಂಗಳು ನೀನು ರಜೆಗೆ ಬರುತ್ತೀ, ಇನ್ನು ಮುಚ್ಚಿಟ್ಟರೆ ಆಗದು.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಪ್ಪ "ಸೂಜಿ" ಅಂದರು. ನಾನು ಸೂಜಿ ತೆಗೆದುಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು, "ಇದಲ್ಲಮ್ಮ, ನಿನ್ನನ್ನೇ ಕರ್ದಿದ್ದು" ಅಂದರು. ಚುಚ್ಚಿ ಮಾತಾಡುವ ನಿನಗೆ ಸೂಜಿ, ದುಂಡಗಿದ್ದ ನನಗೆ ಗುಂಡಿ ಅಂತ ಹೆಸರಿಟ್ಟವರು ಅವರೇ ಅಲ್ಲವಾ. "ನಾನು ಗುಂಡಿ, ಅಪ್ಪಾ" ಅಂದೆ. ಅವರ ಮುಖ ಸಣ್ಣಗಾಯಿತು. ಕೊರಳಿನ ಟೇಪು ತೆಗೆದಿಟ್ಟವರು ಆ ದಿನವೆಲ್ಲ ಮಿಷನ್ ಮುಟ್ಟಲಿಲ್ಲ. ಮರುದಿನ ಮತ್ತೆ ಸೂಜಿ ಅಂದಾಗ ನಾನು "ಓ" ಅಂದುಬಿಟ್ಟೆ. ಎಷ್ಟು ಖುಷಿಪಟ್ಟರು ಗೊತ್ತಾ. ಆಮೇಲೆ ದಿನಕ್ಕೆ ಹತ್ತು ಸಲ ಕರೆದರು, ಹತ್ತು ಸಲವೂ ಓಗೊಟ್ಟೆ. ನಿನ್ನ ಹಾಗೆ ಎದುರುತ್ತರ ಕೊಡುವುದನ್ನೂ ಕಲಿತೆ.

ಹೋದ ವಾರ ನರರೋಗದ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೆದುಳಿನ ಜೀವಕೋಶಗಳ ನಡುವೆ ಕೊಂಡಿಗಳಿರುತ್ತವಂತೆ. ಎರಡು ಕೋಶಗಳು ಮತ್ತೆ ಮತ್ತೆ ಜೊತೆಯಾಗಿ ಕೆಲಸ ಮಾಡಿದರೆ ನಡುವಿನ ಕೊಂಡಿ ಗಟ್ಟಿಯಾಗುತ್ತದೆ. ಬಳಕೆ ತಪ್ಪಿದ್ದು ಸಡಿಲವಾಗುತ್ತಾ ಹೋಗಿ ಒಂದು ದಿನ ಬಿಟ್ಟೇಹೋಗುತ್ತದೆ. ಅಪ್ಪನ ಮರೆವಿನ ಕಾಯಿಲೆ ತಿನ್ನುತ್ತಿರುವುದೂ ಈ ಕೊಂಡಿಗಳನ್ನೇ. ಯಾವುದು ಸರಿ, ಯಾವುದು ತಪ್ಪು ಅಂತ ಅವಕ್ಕೆ ಗೊತ್ತಾಗುವುದಿಲ್ಲವಾ ಅಂತ ಕೇಳಿದೆ. ಇಲ್ಲವಂತೆ. ತಪ್ಪನ್ನೇ ದಿನಾ ರೂಢಿ ಮಾಡಿದರೆ ತಪ್ಪೇ ಗಟ್ಟಿ. ನಾನು ಓಗೊಟ್ಟಿದ್ದನ್ನು ಹೇಳಿದೆ. "ಕಾಯಿಲೆ ಮಾಡಿದ್ದನ್ನ ನೀವ್ಯಾಕೆ ತಲೆ ಮೇಲೆ ಹೊತ್ಕೋತೀರಿ" ಅಂದರು. ಒಳ್ಳೆಯವರು. ಆದರೆ ಹಾಗನ್ನುವ ಮುಂಚೆ ಪೆನ್ನಿನ ಮುಚ್ಚಳ ಎರಡು ಸಲ ಹಾಕಿ ತೆಗೆದರು, ನಾನು ನೋಡಿದೆ.

ಮನೆಗೆ ಬಂದು "ಅಪ್ಪಾ, ಗುಂಡಿ ಎಲ್ಲಿ?" ಅಂತ ಕೇಳಿದೆ. ಎದ್ದು ಹೋಗಿ ಗುಂಡಿಗಳ ಡಬ್ಬ ತಂದು ನನ್ನ ಮಡಿಲಲ್ಲಿಟ್ಟರು. "ಎರಡು ತೂತಿಂದಾ, ನಾಲ್ಕು ತೂತಿಂದಾ?" ಅಂದರು. ಬಿಳಿಯದೊಂದನ್ನು ಆರಿಸಿಕೊಂಡೆ. ಅಕ್ಕಾ, ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಗುಂಡಿ ಇನ್ನೂ ನನ್ನ ಜೇಬಿನಲ್ಲಿದೆ.

ಅಪ್ಪ ದಿನಾ ಸೂಜಿಯ ತಲೆ ನೇವರಿಸಿ ಹರಸುತ್ತಾರೆ. ಅದೆಲ್ಲ ನಿನ್ನದೇ, ನಾನು ಬರೀ ಕಾಯ್ದಿಟ್ಟಿದ್ದೇನೆ. ನಿನ್ನ ಜೊತೆ ಕೆಲಸ ಮಾಡುವವರಿಗೂ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ,
ಗುಂಡಿ

ತಾ.ಕ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಗೀಚುತ್ತಿದ್ದೇನೆ. ಬಂದವಳು ಬಾಗಿಲಲ್ಲಿ ನಿಂತು ನಾನೇ ಸೂಜಿ ಅನ್ನಬೇಡ. ಅಪ್ಪ ನನ್ನ ಮುಖ ನೋಡುತ್ತಾರೆ, ಹೆದರಿಬಿಡುತ್ತಾರೆ. ಹೊಸ ಕೊಂಡಿ ಈಗಲೂ ಒಂದೋ ಎರಡೋ ಹುಟ್ಟಬಹುದು, ದಿನಾ ಬಳಸಬೇಕು ಅಂದಿದ್ದಾರೆ ಡಾಕ್ಟರಮ್ಮ. ಅದಕ್ಕೇ, ಗುಂಡಿ ಬಂದಳು ಅಂತ ನಾನೇ ನಿನ್ನನ್ನು ತೋರಿಸುತ್ತೇನೆ. ಅಪ್ಪ ಆ ಹೆಸರು ಹಿಡಿದು ಕರೆದರೆ ನೀನು ಓ ಅನ್ನು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಓಗೊಡುವುದಿಲ್ಲ.