ಮೇಜಿನ ಮೇಲೆ ಒಂದೇ ಡಬ್ಬಿ

ಗ್ರೇಲಿಂಗ್ ಕ್ರೀಕ್, ಮೊಂಟಾನ
ಅಕ್ಟೋಬರ್ ೯

ಪ್ರೀತಿಯ ಜೋಲೀನ್,

ಹೇಗಿದ್ದೀಯೆ? ಆ ಕಡಲ ತೇವಕ್ಕೆ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ರಾತ್ರಿಪಾಳಿಗೆ ಹೋಗುವಾಗ ಕಿವಿ ಮುಚ್ಚಿಕೊಂಡು ಹೋಗು ಅಂದರೆ ಕೇಳುವವಳೇ ಅಲ್ಲ ನೀನು. ಇಲ್ಲಿ ಗುಡ್ಡದ ತಲೆಗೆ ಆಗಲೇ ಹಿಮ ಬಿದ್ದಿದೆ. ಅಪ್ಪ ಊಟವನ್ನೇನೋ ಮಾಡುತ್ತಾರೆ, ನಿದ್ದೆ ಮಾತ್ರ ಅಷ್ಟಕ್ಕಷ್ಟೆ. ಅವರ ಹೆಸರು ತೆಗೆದೆ ಅಂತ ಇಲ್ಲಿಗೇ ಮಡಚಿಡಬೇಡ ಮಾರಾಯ್ತಿ, ಪೂರ್ತಿ ಓದು.

ಈ ಚಳಿಗಾಲಕ್ಕೆ ಫ್ರೀಜರಿನಲ್ಲಿ ಮಾಂಸ ಇರಬೇಕೆಂದರೆ ಬೇಟೆಗೆ ನಾನೇ ಹೋಗಬೇಕು. ನನ್ನ ಹಳೇ ರೈಫಲ್ಲಿಗೆ ತೋಟಾ ಸಿಕ್ಕುವುದೇ ಅಪರೂಪ, ಸಿಕ್ಕರೂ ಚಿನ್ನದ ಬೆಲೆ. ಹಾರಿಸಿದ ಖಾಲಿ ತೋಟಾಗಳನ್ನು ಎಸೆಯದೆ ಇಟ್ಟಿದ್ದೆ, ಅವನ್ನೇ ಮತ್ತೆ ತುಂಬುವುದನ್ನು ಕಲಿಯೋಣ ಅನ್ನಿಸಿತು. ನಮ್ಮ ತಮ್ಮ ಕೆನೆತ್‌ನನ್ನು ಮಣ್ಣು ಮಾಡಿದ ಮಾರನೇ ದಿನವೇ ಅಪ್ಪ ತೋಟಾ ತುಂಬುವ ತಮ್ಮ ಸಾಮಾನನ್ನೆಲ್ಲ ಗುಜರಿಗೆ ಹಾಕಿದ್ದರು. ನೀನು ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ಅಂಗಡಿಯಲ್ಲಿ ನನ್ನ ಕಣ್ಣು ಮೊದಲು ಬಿದ್ದದ್ದು, ತಾನಾಗಿ ತಿರುಗುತ್ತಾ ಸಾಲಾಗಿ ತೋಟಾ ತುಂಬಿ ಉದುರಿಸುವ ದೊಡ್ಡ ಪ್ರೆಸ್ಸಿನ ಮೇಲೆ. ಅಂಗಡಿಯ ಗ್ಲೆಂಡಾ ನಕ್ಕಳು, "ಏನೇ ಮಾರ್ಲಿಸ್, ಸೈನ್ಯಕ್ಕೆ ತುಂಬಿ ಕಳಿಸ್ತೀಯಾ? ಹೊಸಬಳು ನೀನು, ಒಂದೊಂದೇ ಮಾಡೋದು ತಗೊಂಡು ಹೋಗು." ಕೊನೆಗೆ ಯಾರೋ ಬಳಸಿ ಮಾರಿದ್ದ, ಒಂದೇ ಹಿಡಿಕೆಯ ಚಿಕ್ಕ ಪ್ರೆಸ್ಸು ತಂದೆ. ಜೊತೆಗೆ ತೋಟಾದ ಆಕಾರ ಸರಿಪಡಿಸುವ ಡೈ, ಬ್ಯಾಟರಿಯ ಅಗ್ಗದ ತಕ್ಕಡಿ, ಎರಡು ಬಗೆಯ ಸಿಡಿಮದ್ದು, ಒಂದೊಂದು ಡಬ್ಬಿ. ಯಾವುದು ಹೊಂದುತ್ತದೋ ನೋಡೋಣ ಅಂತ ಎರಡು.

ಅಪ್ಪನಿಗೆ ಗೊತ್ತಾಗದ ಹಾಗೆ ಹಿಂದಿನ ಶೆಡ್ಡಿನಲ್ಲಿ ಜೋಡಿಸಿದೆ. ಮದ್ದಿಲ್ಲದೆ, ಕೈಗೆ ಅಭ್ಯಾಸವಾಗಲಿ ಅಂತ ಹಿಡಿಕೆ ಎಳೆದು ಬಿಡುತ್ತಿದ್ದೆ. ಆ ಕಿರ್ ಕಿರ್ ಸದ್ದು ನಿನಗೂ ನೆನಪಿರಬೇಕು. ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ, ಬರಿಗಾಲಲ್ಲಿ. ಬೈಯುತ್ತಾರೆ ಅಂದುಕೊಂಡೆ. ಅವರು ಸೀದಾ ಬಂದು ಎರಡು ಡಬ್ಬಿಯಲ್ಲಿ ಒಂದನ್ನು ಎತ್ತಿ ನನ್ನ ಕೈಗಿಟ್ಟರು. "ಇದನ್ನ ಮನೆಯೊಳಗೆ ಇಟ್ಟು ಬಾ. ಮೇಜಿನ ಮೇಲೆ ಒಂದೇ ಡಬ್ಬಿ ಇರ್ಬೇಕು." ಆಮೇಲೆ ತಕ್ಕಡಿ ನೋಡಿ ಮುಖ ಕಿವುಚಿದರು. "ಉಳಿಸೋದಾದ್ರೆ ಪ್ರೆಸ್ಸಲ್ಲಿ ಉಳಿಸು, ತಟ್ಟೆ ಬಟ್ಟಲಲ್ಲಿ ಉಳಿಸು. ತಕ್ಕಡೀಲಿ ಜಿಪುಣತನ ಮಾಡ್ತಾರೇನೇ? ವಾಪಸ್ ಕೊಟ್ಟು ದಂಡಿಗೆ ಇರೋ ತಕ್ಕಡಿ ತಗೊ. ಯಾವ ಮದ್ದು ಎಷ್ಟು ಹಾಕ್ಬೇಕು ಅಂತ ಹೇಳೋ ಅಳತೆ ಪುಸ್ತಕ ಎಲ್ಲಿ? ಅದಿಲ್ದೆ ಮದ್ದಿನ ಮುಚ್ಚಳ ತೆಗೀಬೇಡ."

ಹಾಗೇ ಮಾತಾಡುತ್ತಾ ಇದ್ದವರು ತಟ್ಟನೆ ಅಂಗಳದ ಕಡೆ ತಿರುಗಿ ನಿಂತರು. ನನಗೇನೂ ಕೇಳಿಸಲಿಲ್ಲ. "ಕರೆದ," ಅಂದರು. "ಯಾರು?" ಅಂದೆ. ಆಗ ಹೇಳಿದರು, ಜೋಲೀನ್. ಕೆನೆತ್‌ಗೆ ತೋಟಾ ತುಂಬುತ್ತಿದ್ದ ದಿನ ಮೇಜಿನ ಮೇಲೆ ಎರಡು ಡಬ್ಬಿ ತೆರೆದಿದ್ದವಂತೆ. ಕೆನೆತ್ ಅಂಗಳದಿಂದ "ಅಪ್ಪಾ, ಊಟ ಆರ್ತಿದೆ ಬಾ" ಅಂತ ಕೂಗಿದನಂತೆ. ಉಂಡು ಬಂದು ಕೂತವರು ಗೊತ್ತಾಗದೆ ಪಕ್ಕದ ಬೇರೆ ಮದ್ದಿನ ಡಬ್ಬಿಗೆ ಕೈ ಹಾಕಿದ್ದಾರೆ. ಆ ತೋಟಾಗಳನ್ನೇ ಅವನು ಗುಡ್ಡಕ್ಕೆ ಒಯ್ದದ್ದು, ರೈಫಲ್ಲು ಅವನ ಮುಖದ ಹತ್ತಿರ ಸಿಡಿದದ್ದು. "ಈಗಲೂ ದಿನಾ ಕರೀತಾನೆ ಕಣೇ," ಅಂದರು. "ಊಟದ ಹೊತ್ತಿಗೇ ಕರೀತಾನೆ. ಎದ್ದು ಹೋಗ್ತೀನಿ. ಅಲ್ಲಿ ಯಾರೂ ಇರಲ್ಲ." ಅವರ ತಟ್ಟೆ ಯಾಕೆ ಯಾವಾಗಲೂ ಆರಿರುತ್ತದೆ ಅಂತ ನನಗೆ ಆಗ ತಿಳಿಯಿತು. ನಿಮ್ಮ ತೋಟಾನೇ ಅವನನ್ನು ಕೊಂದಿತು ಅಂತ ಸಮಾಧಿಯ ಹತ್ತಿರ ನೀನು ಅಂದ ಮಾತಿಗೆ ಅವರು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದೂ.

ಆಮೇಲೆ ಒಂದು ವಾರ ನನ್ನ ಪಕ್ಕದಲ್ಲೇ ಕೂತು ಕಲಿಸಿದರು. ಮದ್ದು ಒಂದೇ ಮಟ್ಟಕ್ಕಿದೆಯಾ ಅಂತ ಪ್ರತಿ ತೋಟಾದ ಬಾಯಿಗೂ ಟಾರ್ಚು ಹಿಡಿದು ನೋಡಿಸಿದರು. ಊಟಕ್ಕೆ ಏಳುವ ಮುಂಚೆ ಮದ್ದೆಲ್ಲ ಡಬ್ಬಿಗೆ ಸುರಿಸಿ ಮುಚ್ಚಿಸಿದರು. ಮೊದಲನೆಯದನ್ನು ಹಾರಿಸುವ ದಿನ ರೈಫಲ್ಲು ನನ್ನ ಕೈಯಿಂದ ಕಿತ್ತುಕೊಂಡರು. "ಬೇಡಪ್ಪಾ" ಅಂದೆ. "ಇನ್ನೊಂದು ಮಗೂನ ಮುಂದೆ ಬಿಟ್ಟು ನಾನು ಹಿಂದೆ ನಿಲ್ಲಲ್ಲ" ಅಂದರು. ರೈಫಲ್ಲಿನ ಹಿಡಿಗೆ ಕೆನ್ನೆ ಒತ್ತಿ ಹಿಡಿದು ಬಹಳ ಹೊತ್ತು ಹಾಗೇ ಇದ್ದರು. ಢಂ ಅಂತು. ಗುಡ್ಡದಿಂದ ಸದ್ದು ತಿರುಗಿ ಬರುವ ತನಕ ಅವರು ಕಣ್ಣು ತೆರೆಯಲಿಲ್ಲ. ಆಮೇಲೆ ಖಾಲಿ ತೋಟಾ ಹೊರತೆಗೆದು, ಬಿರುಕೇನಾದರೂ ಇದೆಯಾ ಅಂತ ತಿರುಗಿಸಿ ತಿರುಗಿಸಿ ನೋಡಿ, ನನ್ನ ಅಂಗೈಯಲ್ಲಿಟ್ಟರು. ಇನ್ನೂ ಬೆಚ್ಚಗಿತ್ತು. ಅವರ ಕೈಯೇ ತಣ್ಣಗಿತ್ತು.

ಕರೆಯುವುದೇನೂ ನಿಂತಿಲ್ಲ. ನಿನ್ನೆಯೂ ಎದ್ದು ಹೋದರು. ನಾನೂ ಎದ್ದು ಜೊತೆಗೆ ಹೋಗಿ ಅಂಗಳದಲ್ಲಿ ನಿಂತೆ.

ಮೈ ಬೆಚ್ಚಗಿಟ್ಟುಕೊ. ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅಕ್ಕ,
ಮಾರ್ಲಿಸ್

ಮರೆತಿದ್ದೆ: ಅಂಚೆ ಗಾಡಿ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬೇಟೆ ಶುರುವಾಗುವ ಮುಂಚೆ ಕೆನೆತ್ ಬಿದ್ದ ಜಾಗಕ್ಕೆ ಒಮ್ಮೆ ಹೋಗಬೇಕು ಅನ್ನುತ್ತಿದ್ದಾರೆ ಅಪ್ಪ, ಬಂದೂಕಿಲ್ಲದೆ. ಇಷ್ಟು ವರ್ಷ ಆ ಕಡೆ ಹೋದವರಲ್ಲ. ನಿನ್ನನ್ನು ಕರಿ ಅಂತ ಬಾಯಿಬಿಟ್ಟು ಹೇಳಿಲ್ಲ. ಆದರೆ ಟ್ರಕ್ಕಿನ ಸೀಟಿನ ಮೇಲೆ ಬಿದ್ದಿದ್ದ ಹಗ್ಗ, ಚೀಲ, ಎಣ್ಣೆ ಡಬ್ಬಿ ಎಲ್ಲ ತೆಗೆದು, ಒರೆಸಿ, ಮೂರು ಜನ ಕೂರುವ ಹಾಗೆ ಮಾಡಿದ್ದಾರೆ. ಯಾಕಪ್ಪಾ ಅಂದಿದ್ದಕ್ಕೆ, "ಸುಮ್ನೆ" ಅಂದರು.