ಒಲೆ ಮುಂದಿನ ಬೆಕ್ಕು

ಜನವರಿ 15, 1996. ಸೋಮವಾರ, ಮಧ್ಯಾಹ್ನ 12.20

ಊಟದ ಬಿಡುವು. ಲೈಬ್ರರಿ ನೆಲಮಾಳಿಗೆಯ ಕಂಪ್ಯೂಟರ್ ಕೋಣೆ. ಬೂಟು ಬಿಚ್ಚಿ ಹೀಟರಿನ ಮುಂದಿಟ್ಟೆ. ಹೊರಗೆ ಮೈನಸ್ ಮೂವತ್ತೊಂದು. ಮತ್ತದೇ ಮೊಟ್ಟೆ ಸ್ಯಾಂಡ್‌ವಿಚ್.

ಬಂದರಿನ ಊರಿಗೆ ಲಾಗಿನ್ ಆದೆ. ಬರೀ ಅಕ್ಷರದಲ್ಲಿ ಕಟ್ಟಿದ ಊರು — ಚಿತ್ರವಿಲ್ಲ, ಸದ್ದಿಲ್ಲ, ಟೈಪ್ ಮಾಡಿದ್ದೇ ಮಾತು. ಅಲ್ಲಿ ನಾನು ಮಾಡಿಟ್ಟ ಗೊಂಬೆ, 'ದೋಣಿ ಅಜ್ಜಿ', ಕಟ್ಟೆಯ ಮೇಲೆ ಕೂತಿದ್ದಾಳೆ. ನಾನು ಆ ಊರಿನ ಹೋಟೆಲಿನಲ್ಲಿದ್ದರೂ ಅವಳ ಕಿವಿಗೆ ಬಿದ್ದದ್ದೆಲ್ಲ ನನ್ನ ಪರದೆಗೆ ಬರುತ್ತದೆ. ಗೊಂಬೆಯ ಗುಣವೇ ಅದು.

ಒಡೆಟ್ ಸಿಕ್ಕಳು. ಮೊಂಟ್ರಿಯಲ್‌ನವಳು. ಮುಖ ನೋಡಿಲ್ಲ, ಆದರೆ ನನ್ನ ಗುಟ್ಟೆಲ್ಲ ಬಲ್ಲವಳು ಅವಳೊಬ್ಬಳೇ. ಹೋಟೆಲಿನ ಒಲೆ ಮುಂದೆ ಹರಟೆ. ಅಲ್ಲೇ ಮಲಗಿದ್ದ ಬೆಕ್ಕನ್ನು ಸವರಿದೆ. ಪಾಪ, ಎಷ್ಟು ಸಾಧು...

"ಗಂಡನ ಸುದ್ದಿ ಏನಾದ್ರೂ?"

"ಇಲ್ಲ ಕಣೇ. ಬಿಟ್ಟು ಬಂದು ಐದು ತಿಂಗಳಾಯ್ತು. ಯಾವ ಊರಲ್ಲಿದೀನಿ ಅಂತಾನೇ ಗಾರ್ತ್‌ಗೆ ಗೊತ್ತಿಲ್ಲ."

"ನಿನ್ನ ತೋಳು ಮುರಿದನಲ್ಲ, ಆ ಕೈಗೆ ಲಕ್ವಾ ಹೊಡೀಲಿ."

ನಕ್ಕೆ. ಎಷ್ಟೋ ದಿನದ ಮೇಲೆ.

ಜನವರಿ 17

ಹೊಸ ಬಾಡಿಗೆ ಕೋಣೆಯ ಕಥೆಯನ್ನೆಲ್ಲ ಒಡೆಟ್‌ಗೆ ಹೇಳಿದೆ. ಹಗುರವಾಯಿತು.

ಜನವರಿ 26. ಶುಕ್ರವಾರ, 12.40

ಒಡೆಟ್ ತಮಾಷೆಗೆ ಕೇಳಿದಳು: "ನಿನ್ನ ಬೆಕ್ಕಿಗೆ ಇನ್ನೂ ಹೆಸರೇ ಇಟ್ಟಿಲ್ವಲ್ಲೇ!"

"ನನ್ನದಾ? ನೀನು ಮಾಡಿದ್ದಲ್ವಾ?"



ಗೊಂಬೆಯ ಮೇಲೆ ಮಾಡಿದವರ ಹೆಸರಿರಬೇಕು. ಊರಿನ ಕಟ್ಟಳೆ. ಬೆಕ್ಕಿನ ಮೇಲಿರಲಿಲ್ಲ. ಮೇಜು ಕುರ್ಚಿಯಂತೆ ಬರೀ ಸಾಮಾನು ಅಂದುಕೊಂಡೆವು, ಅವಳದೆಂದು ನಾನು, ನನ್ನದೆಂದು ಅವಳು. ಒಡೆಟ್ ಊರಿನ ಮೇಲ್ವಿಚಾರಕಿ, ಒಳಹೊಕ್ಕು ನೋಡಿದಳು. ಬೆಕ್ಕಿಗೆ ಕೇಳದಂತೆ ನನಗೊಬ್ಬಳಿಗೇ ಖಾಸಗಿ ಸಂದೇಶ ಕಳಿಸಿದಳು.

"ವೆರ್ನಾ, ಇದು ಗೊಂಬೆ ಕಣೇ. ಇಲ್ಲಿ ಆಡಿದ್ದೆಲ್ಲ ಯಾರಿಗೋ ಹೋಗ್ತಿದೆ. ಡಿಸೆಂಬರ್ ಮೂರಕ್ಕೆ ತೆರೆದಿರೋ ಖಾತೆ. ರೆಜಿನಾದಿಂದ ಲಾಗಿನ್ ಆಗ್ತಾನೆ."

ಗಾರ್ತ್ ಇರುವುದು ರೆಜಿನಾದಲ್ಲಿ. ಗೊಂಬೆ ಮಾಡುವುದನ್ನು ಅವನಿಗೆ ಕಲಿಸಿದ್ದು ನಾನೇ. ಮದುವೆಯಾದ ಹೊಸದರಲ್ಲಿ, ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತು. ಮಾಡಿದ್ದುಣ್ಣೋ ಮಹಾರಾಯ.

ಅದೇ ದಿನ, 4 ಗಂಟೆ

ಬೆಕ್ಕಿನ ಎದುರು ಏನೇನು ಹೇಳಿದ್ದೇನೆ? ವಿನ್ನಿಪೆಗ್. ಲೈಬ್ರರಿ ಕೆಲಸ. ಊಟದ ಬಿಡುವು ಎಷ್ಟು ಹೊತ್ತಿಗೆ. ಸೇತುವೆಯಾಚೆಯ ಬಸ್ಸು. ಕೋಣೆಯ ಚಿಲಕ ಸಡಿಲ ಎಂದು ಕೂಡ... ಹೇಳಿ ನಕ್ಕಿದ್ದೆ.

ಠಾಣೆಗೆ ಫೋನ್ ಮಾಡಿದೆ. "ಬೆಕ್ಕಾ ಮೇಡಂ? ಕಂಪ್ಯೂಟರ್ ಒಳಗಿರೋ ಬೆಕ್ಕಾ?" ಎಂದ ಫೋನೆತ್ತಿದ ಪೊಲೀಸಿನವನು. ಹಿಂದೆ ಯಾರೋ ನಕ್ಕರು. ಇಟ್ಟುಬಿಟ್ಟೆ.

ಜನವರಿ 29. ಸೋಮವಾರ

ಬೆಕ್ಕನ್ನು ಅಳಿಸೋದು ಬೇಡ, ಅದರ ಮುಂದೆ ಸುಳ್ಳು ಹೇಳೋಣ ಎಂದು ಖಾಸಗಿಯಾಗಿ ಬರೆದಳು ಒಡೆಟ್. ಹಾಗೇ ಮಾಡಿದೆವು.

"ಈ ಶನಿವಾರ ಹ್ಯಾಲಿಫ್ಯಾಕ್ಸ್‌ಗೆ ಹೊರಡ್ತಿದೀನಿ. ಅಲ್ಲೇ ಕೆಲಸ ಸಿಕ್ತು."

"ಅಯ್ಯೋ, ಅಷ್ಟು ದೂರಾನಾ!"

ಚೆನ್ನಾಗಿ ನಟಿಸುತ್ತಾಳೆ. ಬೆಕ್ಕು ಎಂದಿನಂತೆ ಮಲಗಿತ್ತು. ಶುಕ್ರವಾರದಿಂದೀಚೆ ಇವತ್ತು ಮೊದಲ ಬಾರಿ ನಿದ್ದೆ ಬರಬಹುದು.

ಜನವರಿ 30. 12.35

ಬಸ್ಸಿಳಿಯುವಾಗ ಎಡ ಬೂಟಿನ ಜಿಪ್ ಕಿತ್ತುಹೋಯಿತು. ಬ್ಯಾಗಿನಲ್ಲಿದ್ದ ಕೆಂಪು ಉಲ್ಲನ್ ನೂಲು ಸುತ್ತಿಕೊಂಡು ಬಂದೆ. ಈಗ ಬಿಚ್ಚಿ ಹೀಟರಿನ ಮುಂದಿಟ್ಟಿದ್ದೇನೆ, ನೂಲೂ ಅಲ್ಲೇ. ಒಡೆಟ್ ಇನ್ನೂ ಬಂದಿಲ್ಲ. ಹೋಟೆಲಿನಲ್ಲಿ ನಾನು ಮತ್ತು ಬೆಕ್ಕು ಮಾತ್ರ.

12.41

ಬೆಕ್ಕು ಮಾತಾಡಿತು. ಇಷ್ಟು ದಿನದಲ್ಲಿ ಮೊದಲ ಸಲ.

"ಬೂಟು ಹಾಕ್ಕೊ ವೆರ್ನಾ. ಆ ಕೆಂಪು ನೂಲು ನಾನು ಕಟ್ತೀನಿ."

ನೂಲಿನ ವಿಷಯ ಯಾರಿಗೂ ಹೇಳಿಲ್ಲ. ಯಾರಿಗೂ. ಈ ಡೈರಿಯಲ್ಲಿ ಬರೆದದ್ದಷ್ಟೇ.

ಯಾರ ಕೈಗಾದರೂ ಈ ಪುಸ್ತಕ ಸಿಗಲಿ ಎಂದು ಬರೆಯುತ್ತಿದ್ದೇನೆ. ಗಾರ್ತ್. ರೆಜಿನಾ. ನನ್ನ ಗಂಡ.

ಬಂದಾಗಿನಿಂದ ಹಿಂದಿನ ಸಾಲಿನಲ್ಲಿ ಯಾರೋ ಟೈಪ್ ಮಾಡುತ್ತಿದ್ದರು. ಈಗ ನಿಂತಿದೆ. ಕುರ್ಚಿ ಸರಿದ ಸದ್ದು. ಬಾಗಿಲಿಗೆ ಹನ್ನೆರಡು ಹೆಜ್ಜೆ. ಬರಿಗಾಲಲ್ಲಾದರೂ ಸರಿ, ಈಗಲೇ ಎದ್ದು